ಒಂದೇ ಗೆರೆ

“ತೀರಿಕೊಂಡೋರು ನಿಮಗೆ ಏನಾಗ್ಬೇಕು?” ಎಂದು ಚಿತಾಗಾರದ ಗುಮಾಸ್ತ ಪೆನ್ನೆತ್ತಿ ಕೇಳಿದಾಗ, ಅವಳು ನಾಲಗೆಗೆ ಬಂದದ್ದನ್ನು ಹೇಳಿಬಿಟ್ಟಳು: “ಅಂಕಲ್.”

ಗುಮಾಸ್ತ ಬರೆದುಕೊಂಡ. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡಿದು ಆ ಮನೆಗೆ ಬಂದವಳು, ಅಮ್ಮನನ್ನು ಮದುವೆಯಾದವರನ್ನು ಮೊದಲ ದಿನ ಹಾಗೆ ಕರೆದಿದ್ದಳು. ಅದೇ ಅಂಟಿಕೊಂಡಿತು. ಅಮ್ಮ ಹೋದ ಮೇಲೆ ಇಬ್ಬರೇ ಒಂದು ಸೂರಿನಡಿ ಬದುಕಿದರೂ ಅದನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ.

“ಒಳಗೆ ಕೊನೇವರೆಗೆ ಜೊತೆಗಿರೋಕೆ, ನಾಳೆ ಬೂದಿ ತಗೊಳ್ಳೋಕೆ ಸ್ವಂತ ಮನೆಯವರೇ ಆಗ್ಬೇಕಮ್ಮ.”

“ನಾನಿದೀನಲ್ಲ, ಒಡಹುಟ್ಟಿದ ಅಣ್ಣ,” ಎಂದು ದೊಡ್ಡಪ್ಪ ಮುಂದೆ ಬಂದರು. ಎಷ್ಟೋ ವರ್ಷದಿಂದ ಇತ್ತ ತಲೆಹಾಕದವರು.

“ತಪ್ಪಾಯ್ತು. ಅಪ್ಪ ಅಂತ ಬರೀರಿ,” ಎಂದಳು ಅವಳು.

“ಬರೆದಾಯ್ತಲ್ಲ! ಈಗ ತಿದ್ಬೇಕು ಅಂದ್ರೆ ಇವರು ಒಪ್ಬೇಕು,” ಎಂದು ಗುಮಾಸ್ತ ದೊಡ್ಡಪ್ಪನತ್ತ ಕೈ ತೋರಿಸಿದ.

ದೊಡ್ಡಪ್ಪ ಮೆತ್ತಗೆ ಹೇಳಿದರು: “ಬೇಜಾರು ಮಾಡ್ಕೋಬೇಡಮ್ಮ. ಬದುಕಿದ್ದಾಗ ಒಂದು ಸಲವೂ ಅನ್ನದೆ, ಹೋದ್ಮೇಲೆ ಅಪ್ಪ ಅಂದ್ರೆ ಹೇಗೆ?”

ಮಾತು ನಿಜ. ಅದಕ್ಕೇ ಅಷ್ಟು ಚುಚ್ಚಿತು. ಅವಳು ಹೋಗಿ ಬೆಂಚಿನ ಮೇಲೆ ಕುಳಿತಳು.

ಪಕ್ಕದಲ್ಲಿದ್ದ ಶರ್ಟ್ ಫ್ಯಾಕ್ಟರಿಯ ಮಾಲೀಕರು ಮೂಗೊರೆಸಿಕೊಂಡರು. “ಜನ್ಮದಲ್ಲಿ ಒಂದೇ ತಪ್ಪು ಮಾಡಿದ ಮಹಾನುಭಾವ ನೋಡಮ್ಮ, ಅದೂ ನನ್ನ ಶರ್ಟಿಗೇ!”

*

ಅಂಕಲ್ ಬಂದರಿನಲ್ಲಿ ರಫ್ತು ಕಾಗದ ಮಾಡಿಸುವ ಏಜೆಂಟರಾಗಿದ್ದರು. ಈ ಮಾಲೀಕರು ಶರ್ಟು ಹೊಲಿಸಿ ಹೊರದೇಶಕ್ಕೇ ಕಳಿಸುತ್ತೇನೆಂದು ಸರ್ಕಾರಕ್ಕೆ ಮಾತು ಕೊಟ್ಟು, ಹೊರಗಿನಿಂದ ಸುಂಕವಿಲ್ಲದೆ ಬಟ್ಟೆ ತರಿಸಿದ್ದರು. ಶರ್ಟುಗಳು ಹೋದವು. ಆದರೆ ಜ್ವರದಲ್ಲಿ ಏಜೆಂಟರು ಕಾಗದದ ಮೇಲೆ ಬರೆದದ್ದು ಬೇರೆ ಯೋಜನೆಯ ಹೆಸರು, ಮೊದಲು ಸುಂಕ ಕಟ್ಟಿ ಆಮೇಲೆ ವಾಪಸು ಪಡೆಯುವವರದ್ದು. ಕೊಟ್ಟ ಮಾತು ನಡೆಸಿದ್ದಕ್ಕೆ ದಾಖಲೆಯೇ ಇಲ್ಲದಂತಾಯಿತು. ಫ್ಯಾಕ್ಟರಿ ಮುಳುಗುವಷ್ಟು ಸುಂಕ ಮಾಲೀಕರ ತಲೆಗೆ ಬರುವುದರಲ್ಲಿತ್ತು.

ಕಾಲೇಜಿಗೆ ರಜೆ ಹಾಕಿ, ಅವರ ಚೀಲ ಹೊತ್ತು ಸುಂಕದ ಕಚೇರಿಗೆ ಜೊತೆಗೆ ಹೋಗಿದ್ದಳು ಅವಳು.

“ಹಡಗು ಹೋಗಿ ಯಾವ ಕಾಲವಾಯ್ತು! ಈಗ ಯೋಜನೆ ಬದಲಾಯಿಸಿ ಅಂದ್ರೆ ನಾನು ಏನನ್ನ ನೋಡಿ ಬದಲಾಯಿಸ್ಲಿ?” ಎಂದಿದ್ದರು ಸುಂಕದ ಅಧಿಕಾರಿ.

“ಹೋಗೋವಾಗ ನೀವೇ ಪೆಟ್ಟಿಗೆ ತೆಗೆಸಿ, ಬಟ್ಟೆ ತುಂಡು ಕತ್ತರಿಸಿ, ಸೀಲ್ ಹಾಕಿ ಇಟ್ಕೊಂಡಿದೀರಿ ಸರ್. ಅದನ್ನ ತೆಗೆಸಿ ನೋಡಿ. ಹೊಸ ಸಾಕ್ಷಿ ನಾನೇನೂ ತಂದಿಲ್ಲ. ಅವತ್ತೇ ಇದ್ದದ್ದನ್ನ ಇವತ್ತು ಸರಿಯಾದ ಹೆಸರಲ್ಲಿ ಕರೀರಿ ಅಂತಿದೀನಿ, ಅಷ್ಟೆ,” ಎಂದಿದ್ದರು ಏಜೆಂಟರು.

ತುಂಡು ಹೊರಬಂತು, ತರಿಸಿದ ಬಟ್ಟೆಗೆ ತಾಳೆಯಾಯಿತು. ಅಧಿಕಾರಿ ಒಪ್ಪಿದರು. ಹಳೆಯ ಯೋಜನೆಯ ಹೆಸರನ್ನು ಗೀಚಿ ಹಾಕಲು ಹೊರಟ ಮಾಲೀಕರ ಕೈಯಿಂದ ಏಜೆಂಟರು ಪೆನ್ನು ಕಿತ್ತುಕೊಂಡು, ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದರು.

“ಅಳಿಸಬಾರದು ಮಗಾ,” ಎಂದಿದ್ದರು ಅವಳಿಗೆ. “ಮೊದಲು ಏನಿತ್ತು ಅನ್ನೋದೂ ಕಾಣ್ತಿರ್ಬೇಕು.”

*

ಕೊನೆಯ ಸಲ ಮುಖ ನೋಡಲು ಕರೆದರು. ದೊಡ್ಡಪ್ಪ ತಮ್ಮನ ಕೈ ಹಿಡಿದುಕೊಂಡರು, ಇನ್ನೊಂದು ಕೈಯನ್ನೂ ಎತ್ತಿಕೊಂಡರು.

“ಇದೇನಮ್ಮ, ಈ ಕೈಯ ಉಗುರು ನೀಟಾಗಿ ಕತ್ತರಿಸಿದೆ, ಆ ಕೈದು ಹಾಗೇ ಬೆಳೆದಿದೆ?”

“ಆಸ್ಪತ್ರೇಲಿ ಕತ್ತರಿಸ್ತಾ ಇದ್ದೆ. ಒಂದು ಕೈ ಮುಗಿಯೋಷ್ಟ್ರಲ್ಲಿ ನಿದ್ದೆ ಬಂತು ಅವರಿಗೆ. ಇನ್ನೊಂದು ನಾಳೆ ಮಾಡು ಮಗಾ ಅಂದ್ರು. ನಾಳೆ ಅನ್ನೋದೇ ಬರ್ಲಿಲ್ಲ.”

“ಯಾವಾಗ್ಲೂ ನೀನೇ ಕತ್ತರಿಸ್ತಿದ್ದೆಯಾ?”

“ಅವರ ಕೈ ನಡುಗೋಕೆ ಶುರುವಾದಾಗಿಂದ.”

ದೊಡ್ಡಪ್ಪ ಆ ಬೆರಳುಗಳನ್ನು ಒಂದೊಂದಾಗಿ ಸವರಿದರು. ಅವರ ಕಣ್ಣು ತುಂಬಿ ಬಂತು. ತಮ್ಮನ ಎರಡೂ ಕೈಗಳನ್ನು ಎದೆಯ ಮೇಲೆ ಸರಿಯಾಗಿ ಇಟ್ಟು ಗುಮಾಸ್ತನತ್ತ ತಿರುಗಿದರು. “ತಿದ್ದಿ ಸ್ವಾಮಿ. ನನ್ನ ಒಪ್ಪಿಗೆ ಇದೆ. ಒಳಗೆ ಅವಳೇ ಹೋಗ್ಲಿ.”

ಗುಮಾಸ್ತ ಮೇಜಿನ ಡ್ರಾಯರಿನಿಂದ ವೈಟ್ನರ್ ಶೀಸೆ ತೆಗೆದ. “ಗೊತ್ತೇ ಆಗದ ಹಾಗೆ ಅಳಿಸಿಬಿಡ್ತೀನಿ.”

“ಬೇಡ, ಪೆನ್ನು ಕೊಡಿ,” ಎಂದಳು ಅವಳು.

ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಅಪ್ಪ’ ಎಂದು ಬರೆದು ಸಹಿ ಹಾಕಿದಳು. ಗೆರೆಯ ಹಿಂದೆ ‘ಅಂಕಲ್’ ಇನ್ನೂ ಚೆನ್ನಾಗಿ ಓದಲು ಬರುತ್ತಿತ್ತು.