ದಿನ ಬಿಟ್ಟು ದಿನ ಗುಳಿಗೆ

ರತ್ನಾವತಿಗೆ ಆ ಕೆಲಸ ಸಿಕ್ಕಿದ್ದು ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ೧೯೯೬ರಲ್ಲಿ ಒಂದು ಸಂಶೋಧನಾ ಸಂಸ್ಥೆಯವರು ಮರಾಠಿ ನಾಡಿನ ಕಲ್ಯಾಣದ ಸುತ್ತಲಿನ ಕೂಲಿಕಾರರ ಝೋಪಡಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ, ಅರ್ಧಕ್ಕೇ ಔಷಧ ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಭೋಜಪುರಿ ಆಡುವವರಿಗೆ ಒಬ್ಬ, ತೆಲುಗಿನವರಿಗೆ ಒಬ್ಬಳು, ಗುಲಬರ್ಗಾ, ರಾಯಚೂರು ಕಡೆಯವರಿಗೆ ರತ್ನಾವತಿ. ಉಡುಪಿಯಲ್ಲಿ ಹುಟ್ಟಿ, ಮದುವೆಯಾಗಿ ಡೊಂಬಿವಲಿಗೆ ಬಂದು ಹದಿನೆಂಟು ವರ್ಷವಾಗಿದ್ದ ಅವಳಿಗೆ ಆ ಕಡೆಯ ಮಾತು ಮೊದಮೊದಲು ಅರ್ಧವೂ ಹಿಡಿಯುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫಾರ್ಮು ಹನ್ನೊಂದು ಪುಟದ್ದು. ಔಷಧ ಬಿಟ್ಟ ಕಾರಣಕ್ಕೆ ನಾಲ್ಕು ನಂಬರುಗಳಿದ್ದವು: ಅಜ್ಞಾನಕ್ಕೆ ಒಂದು, ನಿರ್ಲಕ್ಷ್ಯಕ್ಕೆ ಎರಡು, ಔಷಧದಿಂದಾದ ತೊಂದರೆಗೆ ಮೂರು, ಇತರೆ ಎಂಬುದಕ್ಕೆ ನಾಲ್ಕು. ಕೇಳಬೇಕು, ನಂಬರು ಹಾಕಬೇಕು, ಬುದ್ಧಿ ಹೇಳಬಾರದು ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ಬುದ್ಧಿ ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಲೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆದ್ದು ಮನೆಯ ಅಡುಗೆ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಕಲ್ಯಾಣದ ಪಕ್ಕದ ಶಹಾಡಿಗೆ ಬಂದು, ಗಟಾರ ದಾಟಿ ದಾಟಿ ದಿನಕ್ಕೆ ಆರು ಮನೆ ಮುಗಿಸುವಷ್ಟರಲ್ಲಿ ಕಾಲು ಸೋತುಹೋಗುತ್ತಿತ್ತು.

ಹಣಮಂತ್ರಾಯನ ಗುಡಿಸಲಿಗೆ ಅವಳು ಹೋದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಎರಡು ತಿಂಗಳು ಗುಳಿಗೆ ನುಂಗಿ ಬಿಟ್ಟವನು ಎಂದು ದವಾಖಾನೆಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಅವನು ಕಲ್ಯಾಣದ ಗೋದಾಮೊಂದಕ್ಕೆ ಮೂಟೆ ಹೊರಲು ಹೋಗಿದ್ದ. ಹೆಂಡತಿ ದಾನಮ್ಮ ಕಟ್ಟಡದ ಕೆಲಸಕ್ಕೆ ಹೋಗುವವಳು. ಅಂದು ಮೈ ಸರಿಯಿಲ್ಲವೆಂದು ಮನೆಯಲ್ಲೇ ಇದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಕೈ ಮಾತ್ರ ಐವತ್ತರವಳದ್ದು. ಗೋಣಿತಟ್ಟು ಹಾಸಿ ಕೂರಿಸಿದಳು.

"ಗುಳಿಗೆ ಯಾಕೆ ಬಿಟ್ಟರು ಅವರು?"

"ಆರಾಮಾಯ್ತಲ್ರೀ, ಅಕ್ಕೋರ. ಮತ್ತ ಯಾಕ ನುಂಗೂದು?"

ರತ್ನಾವತಿ ಒಂದು ಎಂದು ಬರೆದಳು. ಇಂಥ ಉತ್ತರ ಆ ವಾರದಲ್ಲೇ ಒಂಬತ್ತನೆಯದು. ಮುಂದಿನ ಪುಟ ತಿರುವಿ ಕೇಳಿದಳು: "ಗುಳಿಗೆ ತಗೊಂಡಾಗ ವಾಂತಿ ಬಂತಾ? ಮೂತ್ರ ಕೆಂಪಾಗಿತ್ತಾ?"

"ವಾಂತಿ ಇಲ್ರೀ. ಕೆಂಪಂತೂ ಆಗಿತ್ತು ನೋಡ್ರಿ, ಇಬ್ಬರಿಗೂ. ನಾ ಅಂಜಿ ಸತ್ತಿದ್ದೆ."

ಪೆನ್ನು ನಿಂತಿತು. "ಇಬ್ಬರಿಗೂ ಅಂದ್ರೆ?"

ದಾನಮ್ಮ ಬಾಗಿಲ ಕಡೆ ನೋಡಿದಳು. ಎದ್ದು ತಟ್ಟಿ ಎಳೆದು ಬಂದು ಕೂತಳು. ಒಂದಿಷ್ಟು ಹೊತ್ತು ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದಳು. ಆ ಕೆಮ್ಮನ್ನು ರತ್ನಾವತಿ ಬಂದಾಗಿನಿಂದಲೂ ಕೇಳಿದ್ದಳು. ಆದರೆ ಫಾರ್ಮಿನಲ್ಲಿ ಇರುವುದು ಗಂಡನ ಹೆಸರಾದ್ದರಿಂದ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

"ಯಾರ ಮುಂದೂ ಅನಬ್ಯಾಡ್ರಿ. ಅವರ ದವಾಖಾನಿ ಕಾರ್ಡ್ ನೋಡಿ, ನಮಗ ಇಬ್ಬರಿಗೂ ಕೂಲಿ ಕೊಡೂ ಮುಕಾದಮ ಅವರ್ನ ಕೆಲಸದಿಂದ ತಗದುಬಿಟ್ಟ. ಟೀಬಿ ಅಂತ. ಆಮ್ಯಾಲ ನನಗೂ ಕೆಮ್ಮು ಹತ್ತಿತು. ನಾನೂ ಹೆಸರು ಬರಸಿದ್ರ ನನ್ನೂ ತಗೀತಿದ್ದ. ಇಬ್ಬರೂ ಮನ್ಯಾಗ ಕೂತ್ರ ಹೊಟ್ಟಿಗೆ ಏನ್ರೀ? ಅದಕ್ಕ ಅವರ ಗುಳಿಗಿನೇ ಹಂಚ್ಕೊಂಡ್ವಿ. ಒಂದಿನ ಅವರು, ಒಂದಿನ ನಾನು."

"ಎರಡು ತಿಂಗಳೂ?"

"ಹೂನ್ರೀ. ಆಮ್ಯಾಲ ಅವರಿಗೆ ಗೋದಾಮಿನ ಕೆಲಸ ಸಿಕ್ತು. ಕೂಲಿಗೆ ಕರಕೊಂಡು ಹೋಗೂ ನಾಕಾದಾಗ ಏಳಕ್ಕೆಲ್ಲ ನಿಂತಿರಬೇಕು. ದವಾಖಾನಿ ತಗಿಯೂದು ಒಂಬತ್ತಕ್ಕ. ಹೋಗ್ಲಾಕ ಆಗ್ಲೇ ಇಲ್ಲ."

ರತ್ನಾವತಿ ಬರೆದ ಒಂದನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದಳು. ಬದಿಯ ಖಾಲಿ ಜಾಗದಲ್ಲಿ ದಾನಮ್ಮ ಹೇಳಿದ್ದನ್ನು ಸಣ್ಣ ಅಕ್ಷರದಲ್ಲಿ ತುಂಬಿಸಿದಳು. ಅಂದು ಐದನೆಯ, ಆರನೆಯ ಮನೆಗೆ ಹೋಗಲಿಲ್ಲ.

ಶನಿವಾರ ನೆರೂಳದಲ್ಲಿದ್ದ ಸಂಸ್ಥೆಯ ಕಚೇರಿಯಲ್ಲಿ ಮೇಲ್ವಿಚಾರಕ ಮುರಾರಿ ಆ ಫಾರ್ಮನ್ನು ಎತ್ತಿ ಹಿಡಿದ. ಕುಂದಾಪುರದ ಕಡೆಯವನು, ಕೆಟ್ಟವನಲ್ಲ. ಎಂಟುನೂರು ಫಾರ್ಮು ತಿದ್ದಿ ಕಣ್ಣು ಕೆಂಪಾಗಿತ್ತು.

"ಇಷ್ಟುದ್ದ ಬರೆದರೆ ಕಂಪ್ಯೂಟರಿಗೆ ಎಂತ ಹಾಕುದು, ರತ್ನಾವತಿಯವರೇ?"

"ಸರ್, ಅವರಿಗೆ ಗೊತ್ತಿಲ್ಲದೆ ಬಿಟ್ಟದ್ದಲ್ಲ. ಗಂಡ ಹೆಂಡತಿ ಇಬ್ಬರಿಗೂ ಕಾಯಿಲೆ ಉಂಟು. ಹೆಂಡತಿಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ."

"ಇರಬಹುದು. ಒಬ್ಬರ ಕಥೆಯಿಂದ ನನಗೆ ಟೇಬಲ್ ಆಗುದಿಲ್ಲ. ಇತರೆ ಅಂತ ಹಾಕಿದ್ದೀರಲ್ಲ, ಅಷ್ಟು ಸಾಕು."

"ಅವಳ ಔಷಧಕ್ಕೆ ಎಂತ ಮಾಡುದು?"

ಮುರಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಅದು ನಮ್ಮ ಕೆಲಸ ಅಲ್ಲ ಮಾರಾಯ್ರೆ. ನಾವು ಕೈ ಹಾಕಿದರೆ ಸರ್ವೆ ಹಾಳಾಗ್ತದೆ."

ಸೋಮವಾರ ರತ್ನಾವತಿ ರಜೆ ಹಾಕಿ ದಾನಮ್ಮನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಮೂರು ತಾಸು ಸಾಲಿನಲ್ಲಿ ನಿಂತರು. ಡಾಕ್ಟರು ಮರಾಠಿಯಲ್ಲಿ ಬೈದರು: ಗುಳಿಗೆ ಹಂಚಿಕೊಂಡರೆ ರೋಗ ಹೋಗುವುದಿಲ್ಲ, ಗಟ್ಟಿಯಾಗುತ್ತದೆ, ಆಮೇಲೆ ಯಾವ ಔಷಧಕ್ಕೂ ಬಗ್ಗುವುದಿಲ್ಲ, ಇಷ್ಟೂ ತಿಳಿಯಬೇಡವೇ? ರತ್ನಾವತಿ ಅದರಲ್ಲಿ ಔಷಧದ ಮಾತನ್ನಷ್ಟೇ ಕನ್ನಡಕ್ಕೆ ತಂದಳು. ಬೈಗುಳ ದಾನಮ್ಮನಿಗೆ ಹೇಗೂ ತಿಳಿದಿತ್ತು.

"ಒಂಬತ್ತಕ್ಕೆ ಗಂಡ ಹೆಂಡತಿ ಇಬ್ಬರಿಂದಲೂ ಬರಲು ಆಗುವುದಿಲ್ಲ, ಡಾಕ್ಟರ್. ಬೆಳಿಗ್ಗೆ ನಾಕಾದ ಹತ್ತಿರ ಯಾರ ಕೈಯಲ್ಲಾದರೂ ಕೊಡಬಹುದಾ?"

"ಯಾರ ಕೈಯಲ್ಲಿ? ಜವಾಬ್ದಾರಿ ಯಾರದು?"

ದಾನಮ್ಮ ಸಾಬವ್ವನ ಹೆಸರು ಹೇಳಿದಳು. ಸಾಬವ್ವ ನಾಕಾದ ಮೂಲೆಯಲ್ಲಿ ಕೂಲಿಕಾರರಿಗೆ ಜೋಳದ ರೊಟ್ಟಿ ಮಾರುವ ವಿಧವೆ. ಬೆಳಿಗ್ಗೆ ಆರಕ್ಕೇ ಒಲೆ ಹಚ್ಚುತ್ತಿದ್ದಳು. ಜವಾಬ್ದಾರಿಗೆ ಅವಳ ಹೆಬ್ಬೆಟ್ಟು ಸಾಲದು ಎಂದು ಡಾಕ್ಟರು ಹೇಳಿದಾಗ ರತ್ನಾವತಿ ತಾನೇ ಸಹಿ ಹಾಕಿದಳು. ಹಾಕುವಾಗ ಹೆಮ್ಮೆಯೇನೂ ಅನಿಸಲಿಲ್ಲ. ಇನ್ನೊಂದು ಕೆಲಸ ಮೈಮೇಲೆ ಬಂತಲ್ಲ ಎಂದು ಬೇಸರವೇ ಆಯಿತು.

ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಸಾಬವ್ವನ ಎದುರೇ ಗುಳಿಗೆ ನುಂಗಿ, ನೀರು ಕುಡಿದು, ರೊಟ್ಟಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋದರು. ನೋಡಿದವರಿಗೆ ರೊಟ್ಟಿ ಕೊಳ್ಳಲು ನಿಂತಂತೆ ಕಾಣುತ್ತಿತ್ತು. ತಿಂಗಳೊಳಗೆ ಇನ್ನೂ ನಾಲ್ಕು ಜನ ಸಾಬವ್ವನ ಕಿವಿಯಲ್ಲಿ ತಮ್ಮ ಕೆಮ್ಮಿನ ಸುದ್ದಿ ಹೇಳಿದರು.

ಈ ಸುದ್ದಿ ಮುರಾರಿಯ ಕಿವಿಗೂ ಬಿತ್ತು. ಅವನು ಕೂಗಾಡಲಿಲ್ಲ. "ನಾನು ಮೇಲಿನವರಿಗೆ ಎಂತ ಹೇಳಲಿ?" ಎಂದು ಕೇಳಿ, ಅವಳನ್ನು ಶಹಾಡಿನಿಂದ ತೆಗೆದು ಕಚೇರಿಯಲ್ಲಿ ಫಾರ್ಮು ತಿದ್ದಲು ಕೂರಿಸಿದ. ದಿನವಿಡೀ ಬೇರೆಯವರು ಬರೆದ ನಂಬರುಗಳನ್ನು ನೋಡುತ್ತ ಕೂತಳು. ಒಂದು, ಒಂದು, ಎರಡು, ಒಂದು. ಪ್ರತಿ ಒಂದರ ಹಿಂದೆ ಯಾರು ಏನು ನುಂಗಿಕೊಂಡಿದ್ದಾರೋ ಎಂದು ಅನಿಸುತ್ತಿತ್ತು. ಕೇಳಲು ಮಾತ್ರ ದಾರಿಯಿರಲಿಲ್ಲ. ಮುಂದಿನ ವರ್ಷ ವರದಿ ಅಚ್ಚಾಗಿ ಬಂತು. ಔಷಧ ಬಿಟ್ಟವರಲ್ಲಿ ನೂರಕ್ಕೆ ಅರವತ್ತೊಂದು ಜನ ಅಜ್ಞಾನದಿಂದ ಬಿಟ್ಟವರು ಎಂದಿತ್ತು. ಅಷ್ಟರಲ್ಲಿ ಅವಳ ಕೆಲಸದ ಅವಧಿಯೂ ಮುಗಿದಿತ್ತು.

ಅದೇ ವಾರ ಅವಳು ಶಹಾಡಿಗೆ ಹೋದಳು. ಸಾಬವ್ವನ ಒಲೆಯ ಪಕ್ಕ ದಾನಮ್ಮ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಕೆಮ್ಮು ಇರಲಿಲ್ಲ. ಹಣೆಯಲ್ಲಿ ಕುಂಕುಮವೂ ಇರಲಿಲ್ಲ.

"ಯಾವಾಗ?" ಎಂದಳು ರತ್ನಾವತಿ.

"ಹೋದ ಶ್ರಾವಣದಾಗ್ರೀ. ನನಗ ಗುಳಿಗಿ ಹತ್ತಿದ್ವು, ಅವರಿಗೆ ಹತ್ತಲಿಲ್ಲ. ದೊಡ್ಡ ದವಾಖಾನಿಗಿ ಒಯ್ದಿದ್ವಿ. ಅಲ್ಲೇ ಹೋದ್ರು." ಅವಳು ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದಳು. "ಅವರ ಪಾಲಿಂದು ನಾ ತಿಂದೆನ್ರೀ, ಅಕ್ಕೋರ. ಮೊದಲಿಗೇ ಪೂರಾ ಅವರಿಗೇ ಬಿಟ್ಟಿದ್ರ ಉಳೀತಿದ್ರು."

"ಹಾಗೆ ಹೇಳ್ಬೇಡ ದಾನಮ್ಮ. ತಪ್ಪು ನಿಂದಲ್ಲ."

"ಹಂಗಾರ ಯಾರದ್ರೀ?"

ರತ್ನಾವತಿ ಮುಕಾದಮನನ್ನು ನೆನೆದಳು, ಒಂಬತ್ತು ಗಂಟೆಯ ಬಾಗಿಲನ್ನು ನೆನೆದಳು. ಯಾವುದನ್ನು ಹೇಳಿದರೂ ಆ ಹೆಂಗಸಿಗೆ ಅದರಿಂದ ಆಗಬೇಕಾದ್ದೇನೂ ಕಾಣಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವಳ ಭುಜದ ಮೇಲೆ ಕೈಯಿಟ್ಟಳು. ದಾನಮ್ಮ ಅಳಲಿಲ್ಲ. ಸಾಬವ್ವ ಇಬ್ಬರಿಗೂ ಒಂದೊಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕಿ ಕೊಟ್ಟಳು. ತಿನ್ನುತ್ತಿರುವಾಗಲೇ ಗುತ್ತಿಗೆದಾರನ ಟೆಂಪೋ ಬಂತು. ದಾನಮ್ಮ ಉಳಿದರ್ಧ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಬರ್ತೀನ್ರೀ," ಎಂದು ಹತ್ತಿ ಹೋದಳು.

ಡೊಂಬಿವಲಿಯ ಗಾಡಿ ಬಂದಾಗ ರತ್ನಾವತಿ ಹತ್ತಲಿಲ್ಲ. ನೂಕುನುಗ್ಗಲಿಗೆ ಮೈ ಒಡ್ಡುವ ಮನಸ್ಸಾಗದೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಳು. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹೋದಳು.