ಐದೂ ಕಡೆ ಹಿಡಿದ ಪಾಳಿ

ಅಥಣಿಯ ಉಸ್ಮಾನನೇ ತನ್ನ ಪಾಳಿ ಕದಿಯುತ್ತಿದ್ದಾನೆ ಎಂಬುದರಲ್ಲಿ ಜಿನಮತಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಂಶೋಧನಾ ಕೇಂದ್ರಗಳು ತಮ್ಮ ದೊಡ್ಡ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಂಡಿದ್ದವು. ಯಾರ ಯಂತ್ರ ಖಾಲಿ ಇದೆಯೋ ಅದರಲ್ಲಿ ಯಾರ ಲೆಕ್ಕ ಬೇಕಾದರೂ ಓಡಬಹುದು. ಮಾತೇನೋ ಚೆಂದ! ಕಬ್ಬಿನ ನೀರಿನ ಪಾಳಿಗೆ ಜಗಳಾಡುವವರ ನಡುವೆ ಬೆಳೆದವಳು ಇದನ್ನು ನಂಬುವುದು ಹೇಗೆ? ಕಣ್ಣು ಅತ್ತ ಹೊರಳಿದರೆ ಸಾಕು, ಪಕ್ಕದ ಹೊಲದವನು ಒಡ್ಡು ಕಡಿದು ನೀರು ತಿರುಗಿಸಿಕೊಂಡಿರುತ್ತಾನೆ.

ಇವತ್ತಂತೂ ಕೃಷ್ಣೆ ಏರುತ್ತಿದ್ದಳು. ನದಿದಂಡೆಯ ಜುಗೂಳದ ಕೆಳಗಿನ ಓಣಿಗೆ ನೀರು ನುಗ್ಗುತ್ತದೆಯೋ ಇಲ್ಲವೋ ಎಂಬ ಲೆಕ್ಕ ಕಾಗವಾಡದಲ್ಲಿ ಕೂತ ಜಿನಮತಿಯದು. ಅವಳ ಚಿಕ್ಕಮ್ಮ ಚಂದ್ರಮತಿಯ ಮನೆ, ದನದ ಕೊಟ್ಟಿಗೆ ಎಲ್ಲ ಆ ಓಣಿಯಲ್ಲೇ. ಪಾಳಿ ತಪ್ಪಬಾರದೆಂದು ಬೆಳಿಗ್ಗೆಯೇ ಒಂದೇ ಲೆಕ್ಕವನ್ನು ಐದೂ ಕೇಂದ್ರಗಳ ಸಾಲಿನಲ್ಲಿ ನಿಲ್ಲಿಸಿದ್ದಳು. ಆದರೂ ಅದು ಹಿಂದೆ ಹಿಂದೆ ಸರಿಯುತ್ತಲೇ ಹೋಯಿತು. ಉಸ್ಮಾನನ ದ್ರಾಕ್ಷಿ ರೋಗದ ಲೆಕ್ಕ ಮಾತ್ರ ಅಥಣಿಯಲ್ಲಿ ಆರಾಮಾಗಿ ಓಡುತ್ತಿತ್ತು.

ಫೋನ್ ಹಚ್ಚಿದಳು. "ಏನ್ರಿ ಉಸ್ಮಾನಭಾಯಿ, ನನ್ನ ಪಾಳಿ ಮ್ಯಾಲ ಕೈ ಹಾಕಾಕತ್ತೀರಲ್ಲ?"

"ಅಲ್ರಿ ಅಕ್ಕಾರ, ನೀವ ಐದೂ ಕಡೆ ಪಾಳಿ ಹಿಡದೀರಿ. ಭಾಳ ಕೇಳಿದವ್ರನ್ನ ಯಂತ್ರ ತಾನ ಹಿಂದ ತಳ್ಳತೈತಿ. ನಾಕ ಕಡೆ ತಗದಬಿಡ್ರಿ."

"ಹೂಂ, ನಾ ತಗೀತೀನಿ, ನೀವ ಬಂದ ಕೂಡ್ರಿ!" ಫೋನ್ ಕುಕ್ಕಿದಳು. ಒಂದು ಕಡೆಯ ಪಾಳಿಯನ್ನೂ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಥಣಿಯಿಂದ ಅವಳ ಲೆಕ್ಕದ ಉತ್ತರವೇ ಬಂತು. ಉಸ್ಮಾನ ತನ್ನ ಲೆಕ್ಕ ನಿಲ್ಲಿಸಿ, ಅಲ್ಲಿನ ಸಾಲಿನಲ್ಲಿದ್ದ ಅವಳದನ್ನು ಮುಂದೆಳೆದು ಓಡಿಸಿದ್ದ. ಸಂಜೆಯೊಳಗೆ ಕೆಳಗಿನ ಓಣಿಗೆ ನೀರು! ಜಿನಮತಿಗೆ ಇನ್ನಷ್ಟು ಗುಮಾನಿ. ಇಷ್ಟು ಸಲೀಸಾಗಿ ಯಾರಾದರೂ ಪಾಳಿ ಬಿಟ್ಟುಕೊಡುತ್ತಾರೆಯೇ? ತನ್ನ ಬಾಯಿ ಮುಚ್ಚಿಸಲು ಅರ್ಧಂಬರ್ಧ ಓಡಿಸಿ ಕಳಿಸಿರಬೇಕು. ಆ ಅಂಕಿ ನಂಬಿ ಊರನ್ನೆಲ್ಲ ಎಬ್ಬಿಸಿ, ನೀರು ಬರದಿದ್ದರೆ ಮುಂದೆ ತನ್ನ ಮಾತು ಯಾರು ಕೇಳುತ್ತಾರೆ? ತನ್ನ ಮೇಜಿನ ಸಣ್ಣ ಕಂಪ್ಯೂಟರಿನಲ್ಲೇ ಅದನ್ನು ಮತ್ತೆ ಓಡಿಸಿದಳು. ಅದೋ ಕುಂಟುತ್ತ ಕುಂಟುತ್ತ ಮಧ್ಯಾಹ್ನ ದಾಟಿಸಿತು.

ಅದೇ ಉತ್ತರ. ಒಂದು ಅಂಕಿಯೂ ಹೆಚ್ಚುಕಮ್ಮಿ ಇಲ್ಲ.

ತಕ್ಷಣ ಜುಗೂಳಕ್ಕೆ ಫೋನ್ ಹಚ್ಚಿದಳು. "ಚಿಗವ್ವಾ, ದನಾ ಬಿಚ್ಚರಿ, ಲಗೂನ ಮ್ಯಾಲ ಹೊಡೀರಿ!"

"ಆಗಳೇ ಹೊಡಕೊಂಡ ಬಂದೀವಲ್ಲ," ಎಂದಳು ಚಂದ್ರಮತಿ. "ಈಗ ನೋಡಿದ್ರ ಓಣ್ಯಾಗ ಮೊಣಕಾಲ ಮಟ ನೀರ ಐತಿ. ನೀನ ಹೇಳಿ ಕಳಿಸಿದ್ದಿ ಅಲ್ಲೇನ? ಅಥಣಿಯಿಂದ ಯಾರೋ ಪಂಚಾಯ್ತಿಗೆ ಫೋನ್ ಮಾಡಿದ್ರಂತ. 'ಇದು ಜಿನಮತಿ ಅಕ್ಕಾರ ತಗದ ಲೆಕ್ಕ, ಸುಳ್ಳ ಆಗಂಗಿಲ್ಲ' ಅಂದ್ರಂತ. ನಿನ್ನ ಹೆಸರ ಕೇಳಿದ ಕೂಡ್ಲೇ ಊರೇ ಎದ್ದತ ನೋಡ."

"ನಾ ಹೇಳಿ ಕಳಿಸಿಲ್ಲ ಚಿಗವ್ವಾ," ಎಂದಳು ಜಿನಮತಿ. "ಆವಾಗ ನಾನ ಆ ಲೆಕ್ಕ ಇನ್ನೂ ನಂಬಿದ್ದಿಲ್ಲ."