ಮೂಡಣದ ಕಿಟಕಿ

ಚಿಂತಾಕಿ ಹಳ್ಳಿಯ ಮನೆಯಲ್ಲಿ ಅವ್ವ ಬೆಳಗಿನ ಕೀರ್ತನೆ ಹೇಳುವ ಮೊದಲು ಮೂಡಣದ ಕಿಟಕಿ ತೆರೆಯುತ್ತಿದ್ದಳು. ಮುಚ್ಚಿದ ಮನೆಯಲ್ಲಿ ದೇವರ ಸ್ತುತಿ ಮಾಡಬಾರದೆಂಬುದು ಅವಳ ನೇಮ. ತೊಗರಿ ಹೊಲದ ತಂಪು ಗಾಳಿ ಒಳಬರುತ್ತಿತ್ತು. ಕೌದಿಯೊಳಗೆ ಮುದುಡಿ ಮಲಗಿದ ಸುಂದರರಾಜನ ಕಿವಿಗೆ ಸಾಲುಗಳು ಒಂದೊಂದಾಗಿ ಇಳಿಯುತ್ತಿದ್ದವು. ಅಕ್ಷರ ಕಲಿಯುವ ಮೊದಲೇ ಅವನಿಗೆ ಅಷ್ಟೂ ಬಾಯಿಪಾಠ.

ಮುಂದೆ ಬೀದರಿನ ಚಿದ್ರಿಯಲ್ಲಿ ಮನೆ ಕಟ್ಟಿಸುವಾಗ ಗೌಂಡಿಗೆ ಅವನು ಒತ್ತಿ ಹೇಳಿದ್ದು ಒಂದೇ ಮಾತು: ಮೂಡಣಕ್ಕೊಂದು ದೊಡ್ಡ ಕಿಟಕಿ. ಆಗ ಅದರಾಚೆ ಬರೀ ಬಯಲು, ದೂರದಲ್ಲೊಂದು ಕಾರ್ಖಾನೆ. ಮಗ ಜೋಯಲನಿಗೆ ಅಲ್ಲೇ ಕೆಲಸ ಸಿಕ್ಕಾಗ ಓಣಿಗೆಲ್ಲ ಪೇಡೆ ಹಂಚಿದ್ದರು. ಆ ಕಾರ್ಖಾನೆಯ ಮಗ್ಗುಲಿಗೆ ಇನ್ನೊಂದು ಬಂತು, ಬೆನ್ನಿಗೆ ಮತ್ತೊಂದು. ಈಗ ಹದಿನಾಲ್ಕು. ನಸುಕಿನ ಗಾಳಿಗೆ ಕೊಳೆತ ತತ್ತಿಯ ನಾತ.

ಹೆಂಡತಿ ಹನ್ನಾ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಎರಡು ವರ್ಷದಿಂದ ಅವಳಿಗೆ ದಮ್ಮು. ನಿನ್ನೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು:

"ಮುಂಜಾನಿ ಕಿಡಕಿ ತೆಗೀಬ್ಯಾಡ್ರಿ. ಆಗ ಹೊಗಿ ನೆಲಕ್ಕ ಕುಂತಿರ್ತದ."

"ಹೊಗಿ ಬಿಡೂದ್ರಾಗ ಯಾವ ಕಾರ್ಖಾನಿನೂ ಅಳತಿ ಮೀರಿಲ್ಲ ಅಂತಾನಲ್ರಿ ನಮ್ಮ ಜೋಯಲ?" ಎಂದಿದ್ದ ಸುಂದರರಾಜ.

"ಒಂದೊಂದೇ ನೋಡಿದ್ರ ಮೀರಿಲ್ರಿ. ಆದ್ರ ನಿಮ್ಮ ಮನಿಯವ್ರು ಕುಡಿಯೂದು ಹದಿನಾಲ್ಕರ ಹೊಗಿ."

ಇಂದು ನಸುಕಿನಲ್ಲಿ ಎದ್ದವನು ರೂಢಿಯಂತೆ ಕಿಟಕಿ ತೆರೆದೇಬಿಟ್ಟ. ತೆರೆದ ಮೇಲೆ ನೆನಪಾಯಿತು. ಮಂಚದ ಮೇಲೆ ಹನ್ನಾ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

"ಈ ಗಾಳಿ ಕೆಟ್ಟದ್ದಂತ ನಿನಗ ಮೊದಲೇ ಗೊತ್ತಿತ್ತೇನು?"

"ನರ್ಸ್ ಇದ್ದಾಕಿಗಿ ಗೊತ್ತಾಗಲ್ಲೇನ್ರಿ?"

"ಮತ್ತ ಯಾಕ ಹೇಳಲಿಲ್ಲ?"

"ಕಿಡಕಿ ತೆಗೆದ್ರ ನೀವು ಚಿಂತಾಕಿಗಿ ಹೋಗಿ ಬರ್ತೀರಿ. ಟಿಕೀಟಿಲ್ದ ಊರು ನೋಡೋರನ್ನ ಹ್ಯಾಂಗ ತಡೀಲಿ?" ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ಸುಂದರರಾಜ ಓಣಿ ನೋಡಿದ. ಎಲ್ಲರ ಕಿಟಕಿಗಳೂ ಮುಚ್ಚಿದ್ದವು, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದ್ದರು. ತೆರೆದದ್ದು ಅವನದೊಂದೇ. ಕದ ಎಳೆದು ಚಿಲಕ ಹಾಕಿದ. ಅವ್ವನ ಮುಖಕ್ಕೇ ಬಾಗಿಲು ಹಾಕಿದಂತಾಯಿತು.

ಕತ್ತಲಲ್ಲಿ ಕೂತು ಕೀರ್ತನೆ ಶುರು ಮಾಡಿದ. ಹೊರಗೆ ಹೋಗಲು ದಾರಿಯಿಲ್ಲದ ದನಿ ಸುತ್ತಿ ಬಂದು, ಕೌದಿಯೊಳಗೆ ಕೇಳಿಸುತ್ತಿದ್ದ ಹಾಗೆ ಕೇಳಿಸಿತು. ಮೂರನೆಯ ಸಾಲಿಗೆ ಹನ್ನಾಳ ಎದೆ ಸುಯ್ಯೆಂದಿತು. ಏನೇ ಆದರೂ ಅವ್ವ ನಡುವೆ ನಿಲ್ಲಿಸಿದವಳಲ್ಲ. ಅವನು ನಿಲ್ಲಿಸಿದ. ಔಷಧದ ಪಂಪು ಕೈಗಿಟ್ಟು, ಉಸಿರು ತಿಳಿಯಾಗುವವರೆಗೆ ಬೆನ್ನು ಸವರಿದ.

"ಅರ್ಧಕ್ಕ ಬಿಟ್ರಲ್ರಿ. ಅತ್ತಿ ಏನಂದಾರು?"

"ಅಕಿ ಇದ್ದಿದ್ರ ನಿನ್ನ ಸಲುವಾಗಿ ತಾನೇ ಕಿಡಕಿ ಮುಚ್ಚತಿದ್ಲು."

ಮತ್ತೆ ಮೊದಲಿನಿಂದ ಹೇಳತೊಡಗಿದ. ಈ ಸಲ ಅವಳೂ ದನಿಗೂಡಿಸಿದಳು. ಅವಳ ಉಸಿರು ಎಟುಕುವಷ್ಟಕ್ಕೆ ಅವನು ಸಾಲುಗಳನ್ನು ಮುರಿದು ಮುರಿದು ಹೇಳಿದ.